ಹೊಲಿದು ಮುಚ್ಚಿದ ಎರಡು ಬೆರಳು

ಭಾನುವಾರ, ಹತ್ತನೇ ತಾರೀಖು

ಮಗಳೇ,

ನಿನಗೆ ನನ್ನ ಆಶೀರ್ವಾದ. ಸಿಟ್ಟು ಇನ್ನೂ ಇಳಿಯದಿದ್ದರೆ ಈ ಕಾಗದವನ್ನು ಓದಿ ಆಮೇಲೆ ಹರಿ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೋಳಿಕಾಲು ಅಕ್ಷರ, ನಗಬೇಡ.

ನಿನ್ನ ಪ್ರದರ್ಶನದಲ್ಲಿ ಅಷ್ಟು ಜನರ ಎದುರು ಕೂಗಾಡಿದ್ದು ನನ್ನ ತಪ್ಪು. ಕಸ ಆಯ್ದು ಶಿಲ್ಪ ಮಾಡಿದ್ದಕ್ಕೆ ಅಮ್ಮನಿಗೆ ನಾಚಿಕೆ ಎಂದುಕೊಂಡೆ ನೀನು. ಅಲ್ಲ ಕಣೇ. ನೀನು ಮಾಡಿದ ಆ ತಕ್ಕಡಿ ನೋಡಿದ ಕೂಡಲೇ ನನಗೆ ಅರ್ಥವಾಯಿತು. ಒಂದು ತಟ್ಟೆಯಲ್ಲಿ ಯಾವ ಧಣಿಯದೋ ಒಂದೇ ಒಂದು ಬಿಳಿ ಕೈಗವಸು, ಇನ್ನೊಂದರಲ್ಲಿ ಕೆಲಸದವರು ಬಿಸಾಡಿದ ನಾನೂರು. ಆದರೂ ಬಗ್ಗಿರುವುದು ಬಿಳಿಯದರ ಕಡೆಗೇ. ಇದಕ್ಕೆ ಆ ಕನ್ನಡಕದವನ ಅರ್ಧ ಗಂಟೆ ಭಾಷಣ ಬೇರೆ ಕೇಡು!

ಆ ರಾಶಿಯಲ್ಲಿ ಒಂದು ಬಲಗೈಯದು ಕಂಡೆ. ಕಿರುಬೆರಳನ್ನೂ ಪಕ್ಕದ ಬೆರಳನ್ನೂ ಒಳಕ್ಕೆ ಮಡಚಿ ಕಪ್ಪು ದಾರದಲ್ಲಿ ಹೊಲಿದಿತ್ತು. ಬೆರಳು ಕಳೆದುಕೊಂಡವರು ಹಾಗೆ ಹೊಲಿದುಕೊಳ್ಳುತ್ತಾರೆ, ಖಾಲಿ ತುದಿ ಮಷೀನಿಗೆ ಸಿಕ್ಕಬಾರದೆಂದು. ಕೊನೆಯಲ್ಲಿ ಮೂರು ಗಂಟು. ನಮ್ಮ ರಟ್ಟಿನ ಪೆಟ್ಟಿಗೆ ಫ್ಯಾಕ್ಟರಿಯಲ್ಲಿ ಯಾರ ಬಟ್ಟೆ ಹರಿದರೂ ಹಾಗೆ ಮೂರು ಗಂಟು ಹಾಕಿ ಹೊಲಿದುಕೊಡುತ್ತಿದ್ದವಳು ಗುಬ್ಬಿ. ನಾನು ಸೂಪರ್‌ವೈಸರ್ ಆಗಿದ್ದಾಗ ರಟ್ಟು ಕತ್ತರಿಸುವ ಮಷೀನಿಗೆ ಅವಳ ಎರಡು ಬೆರಳು ಹೋದವು. ಅವಳದೇ ತಪ್ಪೆಂದು ಪರಿಹಾರ ಕೊಡದೆ ಮನೆಗೆ ಕಳಿಸಿದರು. ನೀರಿಗೆ ಬಿದ್ದು ಸತ್ತಳೆಂದು ಆಮೇಲೆ ಸುದ್ದಿ ಬಂತು. ಹದಿನೆಂಟು ವರ್ಷ ಅದನ್ನೇ ನಂಬಿದ್ದೆ.

ಆದರೆ ಆ ಕೈಗವಸು ಈಚೆಗೆ ಬಂದಿರುವ ನೀಲಿ ಅಂಗೈಯದು. ಸತ್ತವಳು ಹೊಲಿಯುತ್ತಾಳಾ? ಅದಕ್ಕೇ "ಎಲ್ಲಿ ಸಿಕ್ತು, ಬೊಗಳೇ" ಎಂದು ನಿನ್ನ ರಟ್ಟೆ ಹಿಡಿದು ಅಲ್ಲಾಡಿಸಿದ್ದು.

ನೀನು ಹೇಳಿದ ದೊಡ್ಡ ಲಾಂಡ್ರಿಯ ಹಿಂಬಾಗಿಲಿಗೆ ಮೂರು ದಿನ ಹೋಗಿ ನಿಂತೆ. "ಏನಜ್ಜಿ, ಕೆಲಸ ಬೇಕಾ?" ಅಂದ ಕಾವಲುಗಾರ. "ನಿಂದೇ ಕೊಡಪ್ಪಾ, ಕುರ್ಚಿ ಆದ್ರೂ ಇದೆ" ಅಂದೆ. ಮೂರನೇ ದಿನ ಪಾಳಿ ಬಿಟ್ಟಾಗ ಗುಬ್ಬಿ ಅದೇ ಪುಟುಪುಟು ನಡಿಗೆಯಲ್ಲಿ ಬಂದಳು. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ, "ಇನ್ನೂ ಇದೀರಾ? ನೀವು ಹೋದ್ರಿ ಅಂತ ಯಾರೋ ಅಂದಿದ್ರು!" ಅಂದಳು. ಅವಳ ಕೈ ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಎಷ್ಟೋ ವರ್ಷದ ಮೇಲೆ ಪೂರ್ತಿ ಉಸಿರು ಎಳೆದುಕೊಂಡೆ ನೋಡು.

ಬರುವ ವಾರ ಅವಳನ್ನು ನಿನ್ನ ಪ್ರದರ್ಶನಕ್ಕೆ ಕರೆದುಕೊಂಡು ಬರುತ್ತೇನೆ. ಅವಳ ಕೈಗವಸು ಅಲ್ಲೇ ಇರಲಂತೆ. "ಆ ಬಿಳೀದನ್ನ ಮಾತ್ರ ಒಂದ್ಸಲ ಹಾಕ್ಕೊಂಡ್ ನೋಡ್ತೀನಿ" ಅಂತಾಳೆ. ಮುಟ್ಟಬಾರದು ಗಿಟ್ಟಬಾರದು ಅನ್ನಬೇಡ, ಹಾಕಿಸು.

ಇಂತಿ,
ನಿನ್ನ ಬಾಯಿಬಡುಕಿ ಅಮ್ಮ

ಮ.ವಿ.: ಕೈ ಸಿಕ್ಕದ ಹಾಗೆ ಮಷೀನಿನ ಅಲಗಿಗೆ ಇದ್ದ ತಡೆ ಮೊದಲೇ ಮುರಿದಿತ್ತೆಂದು ನಾನು ಮನೆಯಲ್ಲಿ ಹೇಳಿದ್ದು ಸುಳ್ಳು. ಕೆಲಸ ಬೇಗ ಸಾಗಲಿ ಎಂದು ಬಿಚ್ಚಿಸಿದವಳು ನಾನು. ಅವಳದೇ ತಪ್ಪೆಂದು ಸಹಿ ಹಾಕಿದವಳೂ ನಾನೇ. ಮೆಟ್ಟಿಲ ಮೇಲೆ ಕೂತೇ ಅವಳಿಗೆ ಹೇಳಿದೆ. "ಗೊತ್ತು. ಬಿಚ್ಚಿದ ಸ್ಕ್ರೂ ಹಿಡ್ಕೊಂಡು ನಾನು ಪಕ್ಕದಲ್ಲೇ ನಿಂತಿದ್ನಲ್ಲ" ಅಂದಳು. ಆಮೇಲೆ, "ಹಾಗಾದ್ರೆ ಅದನ್ನೇ ಬರ್ಕೊಡಿ" ಅಂದಳು. ಬರೆದೆ, ಸಹಿ ಹಾಕಿದೆ. ಅವಳು ಎರಡು ಸಲ ಓದಿ ಮಡಚಿ ಇಟ್ಟುಕೊಂಡಳು.