ಗೋಡೆಯಾಚೆಯ ಅಯ್ಯೋ

ಜುಲೈ ೯, ಬುಧವಾರ

ಪಕ್ಕದ ಮನೆ ಡ್ರೈವರ್ ಬಾಯಿಗೆ ಮಣ್ಣು ಹಾಕ. ಅವನ ಟಿವಿಯಲ್ಲಿ ಆದದ್ದು ನಮ್ಮ ಮೊಬೈಲಿಗೆ ಬರೋಕೆ ಅರ್ಧ ನಿಮಿಷ ಬೇಕು. ಮೊನ್ನೆ ಫುಟ್‌ಬಾಲ್ ಕ್ವಾರ್ಟರ್ ಫೈನಲ್‌ನಲ್ಲಿ ಗೋಡೆಯಾಚೆ ಅವನು ಕೂಗಿದ್ದೇ ತಡ, ಮೊಬೈಲಲ್ಲಿ ಗೋಲಾಗುವ ಮೊದಲೇ ನಾನು ಎದ್ದು ಕುಣಿದೆ. ಅಪ್ಪನಿಗೆ ಕಿವಿ ಕೇಳಿಸಲ್ಲ. ನನ್ನ ನೋಡಿ ಅವರೂ ಕುಣಿದರು. ಅವತ್ತು ಆ ಡ್ರೈವರೇ ನಮ್ಮ ಪಾಲಿನ ದೇವರು!

ಇವತ್ತು ಸೆಮಿಫೈನಲ್. ನಮ್ಮ ಕೊನೇ ಪೆನಾಲ್ಟಿ, ತಪ್ಪಿದ್ರೆ ಕಥೆ ಮುಗೀತು. ಮೊಬೈಲಿನಲ್ಲಿ ನಮ್ಮ ಕ್ಯಾಪ್ಟನ್ ಇನ್ನೂ ಚೆಂಡು ಇಡ್ತಿದ್ದ. ಗೋಡೆಯಾಚೆಯಿಂದ "ಅಯ್ಯೋ" ಅಂತ ಕೇಳಿಸ್ತು. ಪೆನಾಲ್ಟಿ ತಪ್ಪಿತು ಅಂತ ನನಗೆ ಅಲ್ಲೇ ಗೊತ್ತಾಯ್ತು.

ಅಪ್ಪ ಆಟ ಬಿಟ್ಟು ನನ್ನ ಮುಖ ನೋಡಿದರು. "ಹಾಕ್ತಾನಾ ಮಗಳೇ?"

ನಾನು ನಕ್ಕು ಹೂಂ ಅಂತ ತಲೆಯಾಡಿಸಿದೆ. ಪಾಪಿ ನಾನು.

ಅಪ್ಪ ಮಂಡಿನೋವು ಮರೆತು ಎದ್ದರು. ಚೆಂಡು ಕಂಬಕ್ಕೆ ಬಡಿದು ಆಚೆ ಹೋದಾಗ ಅವರು ಎರಡೂ ಕೈ ಎತ್ತಿ ಕುಣೀತಿದ್ದರು.

ಆಮೇಲೆ ಮೊಬೈಲ್ ಮಗುಚಿಟ್ಟು ಎದ್ದುಹೋದರು. ಊಟ ಮಾಡದೆ ಆ ಕಡೆ ತಿರುಗಿ ಮಲಗಿದ್ದಾರೆ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. ನಾಳೆ ಯಾವ ಮುಖ ಇಟ್ಕೊಂಡು ಅವರಿಗೆ ಕಾಫಿ ಕೊಡಲಿ? ಆ ಅರ್ಧ ನಿಮಿಷವಾದ್ರೂ ಅಪ್ಪ ಗೆದ್ದಿರಲಿ ಅಂತ ತಾನೇ ನಾನು ಸುಳ್ಳು ಹೇಳಿದ್ದು?