ಕುಕ್ಕಿದವನಿಗೇ ಬೇಲಿ

ತಮ್ಮಾ,

ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಪ್ರಾರ್ಥನೆ ಮುಗಿಸಿ ಹಿತ್ತಿಲಿಗೆ ಬಂದಾಗ ಬಾತುಗಳ ಕೂಗು ಮಾತ್ರ ಕೇಳಿಸಿತು. ಗಾಯಗೊಂಡ ಕಂದು ಬಾತನ್ನು ನೀನು ಬುಟ್ಟಿಯಡಿ ಮುಚ್ಚಿಟ್ಟಿದ್ದೆ. ಹತ್ತಿರ ಹೋಗಿ ನೋಡಿದರೆ, ಅದನ್ನು ಕುಕ್ಕಿದ ನಿನ್ನ ಮುದ್ದಿನ ಗಂಡು ಬಾತು ಈಗ ಬಿಳಿಯದರ ಕತ್ತು ಹಿಡಿದಿದ್ದ. ಕುಕ್ಕಿಸಿಕೊಂಡವಳನ್ನು ಕೂಡಿಹಾಕಿ ಕುಕ್ಕಿದವನನ್ನು ಮೆರೆಯಬಿಡುವುದು ನಿನ್ನ ಹಳೇ ನ್ಯಾಯ.

ಕಂದು ಬಾತನ್ನು ಹೊರಗೆ ಬಿಟ್ಟಿದ್ದೇನೆ. ಗಂಡನ್ನು ತಂತಿಬಲೆಯ ಆಚೆ ಒಂಟಿಯಾಗಿ ಹಾಕಿದ್ದೇನೆ. ಅವನಿಗೆ ನೀರು, ಕಾಳು ಕೊಡು, ಮುದ್ದು ಬೇಡ. ಉಳಿದವು ನೆಮ್ಮದಿಯಾಗಿ ತಿನ್ನುವುದನ್ನು ಒಂದು ವಾರ ನೋಡಲಿ. ಗಂಟಲು ಹರಿಯುವಂತೆ ಕೂಗಿದರೂ ಬಲೆ ತೆಗೆಯಬೇಡ. ಆಮೇಲೆ ಬಿಟ್ಟಾಗ ಎಲ್ಲರಿಗಿಂತ ಕೆಳಗಿನವನಾಗಿ, ತಲೆ ತಗ್ಗಿಸಿ ಬರುತ್ತಾನೆ. ಮತ್ತೆ ಕುಕ್ಕಿದರೆ, ಕತ್ತಿ ಮಸೆದಿಟ್ಟಿದ್ದೇನೆ.

ನಿನ್ನ ಹೆಂಡತಿಯ ಮಣಿಕಟ್ಟು ಊದಿದೆ. “ಬಾಗಿಲಿಗೆ ತಾಗಿತು, ಅಕ್ಕಾ” ಅಂದಳು. ಆ ಬಾಗಿಲಿಗೆ ಐದು ಬೆರಳಿದ್ದವು. ದೇವರು ನನಗೆ ಸಹನೆ ಕೊಟ್ಟಿದ್ದಾನೆ, ಜೊತೆಗೆ ಕಣ್ಣನ್ನೂ ಕೊಟ್ಟಿದ್ದಾನೆ. ಅವಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ.

ಇವತ್ತಿನಿಂದ ನಿನ್ನ ಹಾಸಿಗೆ ಬಾತಿನ ಗೂಡಿನ ಪಕ್ಕದ ಕೊಠಡಿಯಲ್ಲಿ. ಅಲ್ಲಿಂದ ತಂತಿಬಲೆ ಚೆನ್ನಾಗಿ ಕಾಣುತ್ತದೆ. ನೀನೂ ಆ ಗಂಡು ಬಾತೂ ಒಬ್ಬರಿಗೊಬ್ಬರು ಜೊತೆಯಾಗಿರಿ. ಅವಳಿಂದ ನೀನು ಕಿತ್ತುಕೊಂಡಿದ್ದ ಮಲಗುವ ಕೋಣೆಯ ಬೀಗದ ಕೈ ನಿನ್ನ ಅಂಗಿಯ ಜೇಬಿನಲ್ಲಿತ್ತು. ಅದನ್ನು ತೆಗೆದು ಅವಳ ಅಂಗೈಯಲ್ಲಿಟ್ಟೆ.