ಕಂಡಕ್ಟರನ ಮನೆಯ ಸಂಜೆ ಪ್ರಾರ್ಥನೆ

ಮಾನ್ವಿ
೧೨ ಮೇ ೧೯೭೮, ಶುಕ್ರವಾರ

ಪ್ರೀತಿಯ ರೂತಳ ಅವ್ವಾ,

ಹೇಗಿದ್ದೀ? ಕೆಮ್ಮು ಹೇಗಿದೆ? ಸಂಜೆ ಹೊತ್ತಿಗೆ ಬರುತ್ತಿದ್ದ ಜ್ವರ ಇನ್ನೂ ಬರುತ್ತದೆಯೇ? ಸೂಜಿ ಮಾಡಿಸಿಕೊಂಡ ಜಾಗ ಗಂಟು ಕಟ್ಟಿದೆ ಎಂದು ನೀನು ಬರೆದಿದ್ದೆ. ಬಿಸಿನೀರಿನ ಬಟ್ಟೆ ಒತ್ತಲು ಆ ದೂರದ ಆಸ್ಪತ್ರೆಯಲ್ಲಿ ನಿನಗೆ ಯಾರಿದ್ದಾರೆ ಎಂದು ಕೇಳಲೂ ನನಗೆ ಬಾಯಿಲ್ಲ. ಅಲ್ಲಿ ಕೊಡುವ ಹಾಲು, ಮೊಟ್ಟೆ ನೀನೇ ತಿನ್ನು. ಪಕ್ಕದ ಮಂಚದವಳಿಗೆ ಎತ್ತಿಕೊಡುವ ನಿನ್ನ ಬುದ್ಧಿ ನನಗೆ ಗೊತ್ತು. ಇಲ್ಲಿ ಮಕ್ಕಳು ಆರಾಮಾಗಿದ್ದಾರೆ. ರೂತಳಿಗೆ ಬಿಸಿಲಿಗೆ ಎದ್ದಿದ್ದ ಗುಳ್ಳೆ ಇಳಿದಿವೆ. ದಾನಿಯ ಮುಂದಿನ ಹಲ್ಲು ಬಿದ್ದಿದೆ. ಅವ್ವ ಬಂದ ಮೇಲೆ ತೋರಿಸುತ್ತೇನೆಂದು ಅದನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿಟ್ಟುಕೊಂಡಿದ್ದಾನೆ. ನಮ್ಮವ್ವನ ರೊಟ್ಟಿ ಅಂಚಿಗೆಲ್ಲ ಕರಿಯಾಗುತ್ತವೆ, ಆದರೂ ಹೊಟ್ಟೆ ತುಂಬ ಮಾಡಿ ಹಾಕುತ್ತಾಳೆ.

ಈಗ ಸಿಟ್ಟಿನ ಮಾತನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದಕ್ಕೆ ಕೈ ಓಡುವುದಿಲ್ಲ. ಹೋದ ತಿಂಗಳ ಕೊನೆಗೆ ರಾಯಚೂರಿನಿಂದ ಬರುವಾಗ ಪಾಸ್ಟರ್ ಅಯ್ಯನವರು ನನ್ನ ಬಸ್ಸಿಗೇ ಹತ್ತಿದರು. ಟಿಕೆಟ್ ಹರಿದು ಕೊಡುತ್ತಿದ್ದೆ. "ಸುಂಕಪ್ಪ, ಮಕ್ಕಳನ್ನ ರಾಯಚೂರು ಬೋರ್ಡಿಂಗಿಗೆ ಹಾಕ್ರಿ ಅಂತ ನಿಮ್ಮ ಮನಿಯವರು ಹೇಳಿ ಕಳಿಸ್ಯಾರ. ಜೂನ್ ಮೊದಲನೇ ಸೋಮವಾರ ನಾನೇ ಬಂದು ಕರಕೊಂಡು ಹೊಕ್ಕೀನಿ" ಎಂದರು. ಗೊತ್ತದರಿ ಎಂದೆ. ಏನು ಗೊತ್ತಿತ್ತು ನನಗೆ, ನನ್ನ ತಲೆ! ಬಸ್ಸಿನ ತುಂಬ ಜನ. ಅಷ್ಟು ಜನರ ನಡುವೆ ನನ್ನ ಮನೆಯ ಸುದ್ದಿಯನ್ನು ನಾನು ಬೇರೆಯವರ ಬಾಯಿಂದ ಕೇಳಬೇಕಾಯಿತಲ್ಲ. ನೀನಿಲ್ಲದ ಮನೆಯಲ್ಲಿ ಪ್ರಾರ್ಥನೆ ನಿಂತುಹೋಗುತ್ತದೆ, ಅಪ್ಪ ಮದುವೆಗಾಗಿ ತಲೆಯ ಮೇಲೆ ದೀಕ್ಷಾಸ್ನಾನದ ನೀರು ಹಾಕಿಸಿಕೊಂಡವನು, ಅಜ್ಜಿ ಇನ್ನೂ ಎಲ್ಲಮ್ಮನಿಗೆ ದೀಪ ಹಚ್ಚುವವಳು, ಮಕ್ಕಳು ದೇವರನ್ನು ಮರೆಯುತ್ತಾರೆ ಎಂಬುದು ನಿನ್ನ ಚಿಂತೆಯಂತೆ. ಇದರಲ್ಲಿ ಒಂದಾದರೂ ಸುಳ್ಳಾಗಿದ್ದರೆ ನಿನ್ನ ಮೇಲೆ ಜಗಳಕ್ಕೆ ಬರುತ್ತಿದ್ದೆ. ಸುಳ್ಳಲ್ಲವಲ್ಲ, ಅದಕ್ಕೇ ಹೊಟ್ಟೆ ಉರಿಯಿತು.

ಅವತ್ತೇ ಸಂಜೆ ಮಕ್ಕಳನ್ನು ಕೂರಿಸಿಕೊಂಡೆ. ನೀನು ಹಾಸುತ್ತಿದ್ದ ಚಾಪೆಯನ್ನೇ ಹಾಸಿದೆ. ನಿನ್ನ ವೇದಪುಸ್ತಕ ತೆಗೆದು ಎಲ್ಲಿ ಬಿಚ್ಚಿಕೊಂಡಿತೋ ಅಲ್ಲಿಂದ ಓದತೊಡಗಿದೆ. ಬರೀ ಹೆಸರು ಕಣೇ, ಇವನ ಮಗ ಅವನು, ಅವನ ಮಗ ಇನ್ನೊಬ್ಬ, ಮುಗಿಯುವುದೇ ಇಲ್ಲ. ನನ್ನ ಬಾಯಿಗೆ ಗೊತ್ತಿರುವುದು ಒಂದೇ ರಾಗ, ಊರ ಹೆಸರು ಕೂಗುವ ರಾಗ. ಸ್ವಲ್ಪ ಹೊತ್ತು ಕೇಳಿದ ದಾನಿ, "ಯಪ್ಪಾ, ಇದರಾಗ ಮಾನ್ವಿ ಯಾವಾಗ ಬರ್ತದ?" ಎಂದ. ರೂತ್ ಬಾಯಿ ಮುಚ್ಚಿಕೊಂಡು ನಕ್ಕಳು. ನೀನು ಹೋದ ಮೇಲೆ ಆ ಹುಡುಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಈಗ ಎಲ್ಲಿ ಓದಬೇಕೆಂಬುದನ್ನು ಅವಳೇ ತೆಗೆದು ಕೊಡುತ್ತಾಳೆ. ಹಾಡನ್ನೂ ಅವಳೇ ಎತ್ತುತ್ತಾಳೆ. ನಾನು ಹಿಂದೆ ಹಿಂದೆ ಗುನುಗುತ್ತೇನೆ, ದನಿ ತಪ್ಪಿದರೆ ಮೊಣಕೈಯಿಂದ ತಿವಿಯುತ್ತಾಳೆ, ಥೇಟು ನೀನೇ.

ನೈಟ್ ಹಾಲ್ಟಿದ್ದ ದಿನ ಪ್ರಾರ್ಥನೆಗೆ ಯಾರು ಕೂರುತ್ತಾರೆ ಎಂದು ನೀನು ಕೇಳುತ್ತೀ. ಬಸ್ಸಿನ ಜೊತೆ ದೇವದುರ್ಗದಲ್ಲಿ ಮಲಗಿ ಬೆಳಿಗ್ಗೆ ಹೊರಡುವ ಆ ಡ್ಯೂಟಿಯನ್ನು ಬಿಟ್ಟಿದ್ದೇನೆ. ಕಂಟ್ರೋಲರ್ ಒಪ್ಪಲಿಲ್ಲ. ಅವರ ಮುಂದೆ ಕೈ ಮುಗಿದು ನಿಂತೆ. ಕೈ ಮುಗಿಯುವುದು ನನ್ನ ಜಾಯಮಾನವಲ್ಲವೆಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕೊನೆಗೆ ನನ್ನ ಜೊತೆಯ ಕಂಡಕ್ಟರ್ ರಾಮಲಿಂಗಪ್ಪನೇ ಹಾಲ್ಟಿಗೆ ತಾನು ಹೋಗುತ್ತೇನೆಂದು ಒಪ್ಪಿದ. ಅವನ ಮಧ್ಯಾಹ್ನದ ಪೋತ್ನಾಳ ಬಸ್ಸು ಈಗ ನನಗೆ. ಮೇ ತಿಂಗಳ ಬಿಸಿಲಿನಲ್ಲಿ ಆ ಬಸ್ಸಿನ ತಗಡು ಮುಟ್ಟುವಂತಿಲ್ಲ. ಇರಲಿ, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತೇನೆ.

ಮೊನ್ನೆ ಮಾತ್ರ ತಡವಾಯಿತು. ಪೋತ್ನಾಳದ ಹತ್ತಿರ ಟೈರು ಕೂತಿತು, ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಓಡಿಕೊಂಡು ಮನೆಗೆ ಬಂದು ನೋಡಿದರೆ ದಾನಿ ಚಾಪೆಯ ಮೇಲೆಯೇ ಮಲಗಿಬಿಟ್ಟಿದ್ದಾನೆ, ಊಟ ಮಾಡಿಲ್ಲ. ಯಪ್ಪ ಬಂದ ಮೇಲೆ ಪ್ರಾರ್ಥನೆ, ಪ್ರಾರ್ಥನೆಯಾದ ಮೇಲೆ ಊಟ ಎಂದು ರೂತ್ ಹಟ ಹಿಡಿದಿದ್ದಳಂತೆ. ಹಸಿದ ಹುಡುಗನನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತು, ಬೈದೆ. ಅವಳು ಅಳಲಿಲ್ಲ. "ನಾವು ಒಂದಿನಾ ತಪ್ಪಿಸಿದ್ರೂ ಬೋರ್ಡಿಂಗಿಗೆ ಕಳಿಸ್ತಾರಲ್ಲಾ" ಎಂದಳು. ಅಯ್ಯನವರು ಹೇಳಿದ್ದು ಅವಳ ಕಿವಿಗೆ ಯಾರಿಂದ ಬಿತ್ತೋ ಗೊತ್ತಿಲ್ಲ. ಆಮೇಲೆ ನಿದ್ದೆಗಣ್ಣಿನ ದಾನಿಯನ್ನು ತೊಡೆಯ ಮೇಲೆ ಹಾಕಿಕೊಂಡೇ ಪ್ರಾರ್ಥನೆ ಮಾಡಿದೆವು. ನಮ್ಮವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ನಾ ನನ್ನ ದೇವರಿಗೂ ಕೇಳತೀನಿ, ಅಕಿ ದೇವರಿಗೂ ಕೇಳತೀನಿ, ಸೊಸಿ ಮನಿಗಿ ಬಂದ್ರ ಸಾಕು" ಎನ್ನುತ್ತಾಳೆ. ಇದಕ್ಕೆ ನೀನು ಮುಖ ಗಂಟಿಕ್ಕಬೇಡ.

ಬೋರ್ಡಿಂಗಿನಲ್ಲಿ ನನಗಿಂತ ಚೆನ್ನಾಗಿ ಓದುವವರು, ಚೆನ್ನಾಗಿ ಹಾಡುವವರು ಇರುತ್ತಾರೆ, ಒಪ್ಪುತ್ತೇನೆ. ಆದರೆ ದಾನಿ ಕಣ್ಣು ಮುಚ್ಚಿಕೊಂಡು ನಿನ್ನ ಹೆಸರು ಹೇಳುವಾಗ ನನ್ನ ಅಂಗಿಯ ತುದಿ ಹಿಡಿದುಕೊಂಡಿರುತ್ತಾನೆ. ಅಲ್ಲಿ ಯಾರ ಅಂಗಿ ಹಿಡಿಯಬೇಕು ಅವನು? ನೀನೂ ಇಲ್ಲದೆ, ಅವರೂ ಇಲ್ಲದೆ, ಕೊನೆಯ ಟ್ರಿಪ್ಪು ಮುಗಿಸಿ ನಾನು ಯಾವ ಮನೆಗೆ ಬರಬೇಕು? ನಿನಗೆ ಕೈ ಮುಗಿಯುತ್ತೇನೆ, ಮಕ್ಕಳು ನನ್ನ ಹತ್ತಿರವೇ ಇರಲಿ ಎಂದು ಅಯ್ಯನವರಿಗೆ ಒಂದು ಕಾರ್ಡು ಬರೆ. ನನ್ನ ಮಾತನ್ನು ಅವರು ಕೇಳುವುದಿಲ್ಲ, ನಿನ್ನ ಮಾತನ್ನು ಕೇಳುತ್ತಾರೆ.

ದೇವರು ನಿನ್ನನ್ನು ಕಾಯಲಿ. ಇದು ರೂತ್ ಹೇಳಿಕೊಟ್ಟು ಬರೆಸಿದ್ದಲ್ಲ, ನಾನೇ ಬರೆದದ್ದು. ನಿನ್ನ ಅತ್ತೆ ಆಶೀರ್ವಾದ ತಿಳಿಸಿದ್ದಾಳೆ, ಮಕ್ಕಳು ಮುತ್ತು ಕೊಟ್ಟಿದ್ದಾರೆ.

ನಿನ್ನವನೇ ಆದ
ಸುಂಕಪ್ಪ

ತಾ.ಕ.: ರಾಮಲಿಂಗಪ್ಪ ಟಪಾಲಿಗೆ ಹಾಕುತ್ತೇನೆಂದು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಪ್ರಾರ್ಥನೆಯನ್ನು ನಾನೂ ಕಲಿತಿದ್ದೇನೆ. ದೇವರ ಇಷ್ಟ ಹೇಗಿದೆಯೋ ಹಾಗೇ ಆಗಲಿ ಎಂದು ಒಪ್ಪಿಕೊಳ್ಳುವ ಒಂದು ಮಾತು ಅದರ ನಡುವೆ ಬರುತ್ತದಲ್ಲ, ಅದನ್ನು ದಿನಾ ಬಿಟ್ಟು ಮುಂದಕ್ಕೆ ಹೋಗುತ್ತೇನೆ. ನಿನ್ನೆ ರೂತ್ ಹಿಡಿದಳು, "ಯಪ್ಪಾ, ನಡುವ ಒಂದು ಮಾತ ಬಿಟ್ಟಿ" ಎಂದಳು. ಮರೆತೆ ಎಂದೆ. ಮರೆತಿಲ್ಲ. ಹೋದ ಸಲ ನಿನ್ನನ್ನು ನೋಡಲು ಬಂದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದನ್ನು ನಾನು ನಿನಗೆ ಹೇಳಲಿಲ್ಲ. ಅದನ್ನೇ ಅವರು ನಿನಗೂ ಹೇಳಿದ್ದಾರೆ, ಅದಕ್ಕೇ ನೀನು ಮಕ್ಕಳಿಗೆ ಜಾಗ ಹುಡುಕುತ್ತಿದ್ದೀ ಎಂದು ಈಗ ಬರೆಯುತ್ತಾ ಬರೆಯುತ್ತಾ ನನಗೆ ಹೊಳೆಯಿತು. ಎಸ್ತರಮ್ಮಾ, ನೀನು ಒಪ್ಪಿಕೊಳ್ಳಬೇಡ. ನಾನಿನ್ನೂ ಒಪ್ಪಿಕೊಂಡಿಲ್ಲ.